ಅಟ್ಟದ ಮ್ಯಾಲಿನ ಚೆಂಡು

ಹೋದ ತಿಂಗಳ ಮಾಳಿಗಿ ಮ್ಯಾಲೆ ಸಂಡಿಗಿ ಇಟ್ಟಿದ್ದೆ. ಓಣಿ ಹುಡುಗೂರ ಚೆಂಡು ಬಂದು ನಟ್ಟನಡುವ ಬಿತ್ತು ನೋಡ್ರಿ! ಸಿಟ್ಟಿಗೆದ್ದು ಅದನ್ನ ಅಟ್ಟಕ್ಕ ಒಗದೆ. "ಇನ್ನ ಇಲ್ಲೆ ಆಟ ಬಂದ್" ಅಂತ ಒದರಿದೆ. ಆಮ್ಯಾಲೆ ಓದಿದಾಗ ತಿಳೀತು, ಏಳುನೂರು ವರ್ಷದ ಹಿಂದ ಲಂಡನ್ನಿನಾಗ ಹಿಂಗ ಡಂಗುರ ಸಾರಿದ್ರಂತ.

1314ರಾಗ ಎರಡನೇ ಎಡ್ವರ್ಡ್ ರಾಜ ಸ್ಕಾಟ್ಲೆಂಡಿನ ಮ್ಯಾಲೆ ದಂಡೆತ್ತಿ ಹೊಂಟಿದ್ದ. ಆವಾಗ ಲಂಡನ್ ಮೇಯರ್ ರಾಜನ ಹೆಸರಿನ್ಯಾಗ ಆಜ್ಞೆ ಮಾಡಿದ: ದೊಡ್ಡ ಚೆಂಡಿನ ಹಿಂದ ನುಗ್ಗಾಡಿ ಊರಾಗ ಗದ್ದಲ ಎಬ್ಬಿಸಿದ್ರ ಜೇಲು.

ಇವತ್ತ ಟೀವಿಯೊಳಗ ನೋಡೋ ಫುಟ್‌ಬಾಲ್ ಅಲ್ಲ ಅದು. ಹನ್ನೊಂದ ಮಂದಿ ಅನ್ನೋ ಲೆಕ್ಕ ಇಲ್ಲ, ಗೆರಿ ಇಲ್ಲ, ಸೀಟಿ ಊದಾಂವ ಇಲ್ಲ. ಊರಿಗೆ ಊರ ಎದುರು ನಿಲ್ಲತಿತ್ತು. ಇಂಗ್ಲೆಂಡಿನ ಆಶ್‌ಬರ್ನ್ ಊರಾಗ ಅಂಥಾ ಆಟ ಇನ್ನೂ ಅದ. ಎರಡು ಗೋಲಿನ ನಡುವ ಮೂರು ಮೈಲಿ, ನಡುವ ಹಳ್ಳ! ಅಂಗಡಿಯವರು ಮೊದಲ ಹಲಗಿ ಬಡದು ಕಿಡಕಿ ಮುಚ್ಚಿಕೋತಾರ. ಆಡೋ ದಿನ ಶ್ರೋವ್ ಮಂಗಳವಾರ ಮತ್ತ ಮರುದಿನ. ಈ ಮಂಗಳವಾರ ಮುಗೀತು ಅಂದ್ರ ಕ್ರೈಸ್ತರಿಗೆ ನಲವತ್ತು ದಿನದ ವ್ರತ. ಶ್ರಾವಣ ಹಿಡಿಯೋ ಮುಂದ ಕೆಲವರ ಮನ್ಯಾಗ ಮಾಂಸ ಮುಗಸಿಬಿಡ್ತಾರಲ್ಲ, ಹಂಗ ಅವರೂ ತತ್ತಿ, ಬೆಣ್ಣಿ ಖರ್ಚು ಮಾಡಿ ಹಬ್ಬ ಮಾಡತಿದ್ರು. ಚೆಂಡು ಅಂದ್ರ ಹಂದಿಯ ಮೂತ್ರಚೀಲ. ಛೀ ಅನಬ್ಯಾಡ್ರಿ, ಅದನ್ನ ಊದಿ ಬಾಯಿ ಕಟ್ಟಿ, ಮ್ಯಾಲೆ ತೊಗಲು ಹೊಲೀತಿದ್ರು.

ನಗುವಂಥಾದ್ದ ಎಲ್ಲಾ ಅಂತಲ್ಲ. ನಾರ್ಫೋಕ್ ಸೀಮಿಯ ಶೌಲ್ಡಮ್ ಮಠದಾಗ ವಿಲಿಯಂ ಅನ್ನೋ ಸನ್ಯಾಸಿ ಇದ್ದ. ಚೆಂಡು ಒದಿಯೋ ಹೊತ್ತಿಗೆ ಅವನ ಗೆಳೆಯ ಓಡಿ ಬಂದು ಬಡದ. ಗೆಳೆಯನ ಹೆಸರೂ ವಿಲಿಯಂ. ಸನ್ಯಾಸಿಯ ಹತ್ರ ಚಾಕು ಇತ್ತು. ಒರಿಯೊಳಗ ಇದ್ರೂ ಗೆಳೆಯನಿಗೆ ನಟ್ಟಿತು. ಆರು ದಿನದೊಳಗ ಸತ್ತ. ಗೆಳೆಯ ಹೋದ ಸಂಕಟ ಒಂದು ಕಡೆ, ಆಗದವರು ಏನಂತಾರೋ ಅನ್ನೋ ಅಂಜಿಕಿ ಇನ್ನೊಂದು ಕಡೆ. ಪೋಪನ ತನಕ ಅರ್ಜಿ ಹೋತು. 1321ರಾಗ ಪೋಪ್ ಇಪ್ಪತ್ತೆರಡನೇ ಜಾನ್ "ನಿನ್ನ ತಪ್ಪಿಲ್ಲ" ಅಂತ ಬಿಟ್ಟ. ಬಿಟ್ಟರೂ ಆ ಜೀವಕ್ಕ ನಿದ್ದಿ ಹತ್ತಿತೋ ಇಲ್ಲೋ!

ರಾಜರಿಗೆ ಚಿಂತಿ ಬ್ಯಾರೆ ಇತ್ತು, ಮಂದಿ ಬಿಲ್ಲುವಿದ್ಯೆ ಮರೀತಾರಂತ. 1363ರಾಗ ಮೂರನೇ ಎಡ್ವರ್ಡ್ ಚೆಂಡು ಬಿಟ್ಟು ಬಾಣ ಹಿಡೀರಿ ಅಂದ. 1424ರಾಗ ಸ್ಕಾಟ್ಲೆಂಡಿನ ಒಂದನೇ ಜೇಮ್ಸ್ ನಾಕು ಪೆನ್ನಿ ದಂಡ ಹಾಕಿದ. ಮ್ಯಾಲಿಂದ ಮ್ಯಾಲೆ ನಿಷೇಧ ಮಾಡಬೇಕಾತು ಅಂದ್ರ ಯಾರೂ ಕೇಳಿರಲಿಲ್ಲ ಅಂತನ ಅರ್ಥ. ಅವನ ಮರಿಮಗ ನಾಲ್ಕನೇ ಜೇಮ್ಸನೂ 1491ರಾಗ ಬ್ಯಾಡ ಅಂದ. ಆದ್ರ 1497ರ ಅರಮನಿ ಲೆಕ್ಕದಾಗ ರಾಜನಿಗೇ ಚೆಂಡು ತಂದ ಖರ್ಚು ಅದ! ಮನಿ ಲೆಕ್ಕ ಬರಿಯೋ ನಮಗ ಗೊತ್ತು, ಅದರಾಗ ಏನೂ ಮುಚ್ಚಿಡಾಕ ಆಗೂದಿಲ್ಲ.

ಹೆಂಗಸರು ಆಡಿದ್ದೂ ಅದ, ಆದ್ರ ಭಾಳ ತಡಾ. 1795ರ ಹೊತ್ತಿಗೆ ಸ್ಕಾಟ್ಲೆಂಡಿನ ಇನ್ವರೆಸ್ಕ್‌ನ್ಯಾಗ ಅದೇ ಮಂಗಳವಾರ ಮದಿವ್ಯಾದವರು ಒಂದು ಕಡೆ, ಆಗದವರು ಒಂದು ಕಡೆ. ಯಾವಾಗಲೂ ಗೆದ್ದವರು ಮದಿವ್ಯಾದವರ ಅಂತ ಅಲ್ಲಿಯ ಪಾದ್ರಿ ಬರದಾನ. ವೈನ್ಯಾರ, ನನಗೇನೂ ಆಶ್ಚರ್ಯ ಆಗಲಿಲ್ಲ.

ಸ್ಟರ್ಲಿಂಗ್ ಕೋಟ್ಯಾಗ ರಾಣಿಯ ಖೋಲಿಯ ತೊಲಿ ನಡುವ ಒಂದು ಹಳೇ ಚೆಂಡು ಸಿಕ್ಕದ, ಸುಮಾರು 1540ರ ಹೊತ್ತಿನದು. ಒಳಗ ಹಂದಿಯ ಚೀಲ, ಮ್ಯಾಲೆ ತೊಗಲು. ಇದನ್ನ ಓದಿ ನಮ್ಮ ಅಟ್ಟದ ಕಡೆ ನೋಡಿದೆ. ನಾಳೆ ಏಣಿ ಹಚ್ಚಬೇಕು.