ಸೋತ ಕಾಲಿಗೆ ಭಾರ ಕೊಡಬಾರದಾ?

ನಾನಿರೋ ಬೀದಿಯ ತುದಿಯಲ್ಲಿ ಒಂದು ಹಳೇ ಬೋರ್ಡಿದೆ: 'ಕ್ರಾಂಕನ್‌ಗಿಮ್ನಾಸ್ಟಿಕ್'. ಅಂದ್ರೆ ರೋಗಿಗಳ ಕಸರತ್ತು! 1994ರ ಕಾನೂನಿನ ನಂತರ ಜರ್ಮನಿಯಲ್ಲೂ ಇವರು ಫಿಸಿಯೋಥೆರಪಿಸ್ಟರೇ, ಆದ್ರೆ ಹಳೇ ಹೆಸರು ಇನ್ನೂ ಬಾಯಲ್ಲಿದೆ.

ಆ ಬೋರ್ಡ್ ಕಂಡಾಗೆಲ್ಲ ನಮ್ಮಜ್ಜನ ನೆನಪಾಗುತ್ತೆ. ಲಕ್ವ ಹೊಡೆದು ಎಡಗಾಲು ಸೋತಿತ್ತು. "ಪಾಪ, ಆಯಾಸ ಮಾಡಿಸ್ಬೇಡಿ" ಅಂತ ಮಂಚದಲ್ಲೇ ಕೂರಿಸಿದ್ವಿ. ಜಗಲಿಗೆ ಹತ್ತೇ ಹೆಜ್ಜೆ. ಅಜ್ಜ ಮತ್ತೆ ಅಲ್ಲಿಗೆ ನಡೆದು ಹೋಗಲೇ ಇಲ್ಲ.

ಕಾಲಿಗೆ ಆಯಾಸ ಕೊಡೋ ಭಯ ನಮ್ಮ ಮನೆಯದಷ್ಟೇ ಅಲ್ಲ, ಚಿಕಿತ್ಸೆಯ ಚರಿತ್ರೆಯಲ್ಲೂ ಇದೆ. 1907ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಬರ್ಟಾ ಬೋಬಾತ್ ಕಲಿತದ್ದು ವ್ಯಾಯಾಮ ಶಿಕ್ಷಣ. ಯಹೂದಿ ಮೂಲದವರಾದ್ದರಿಂದ ಹಿಟ್ಲರನ ಕಾಲದಲ್ಲಿ ಲಂಡನ್ನಿಗೆ ಓಡಬೇಕಾಯ್ತು. ಅಲ್ಲಿ 1940ರ ದಶಕದಲ್ಲಿ, ಲಕ್ವ ಹೊಡೆದಿದ್ದ ಚಿತ್ರಕಾರ ಸೈಮನ್ ಎಲ್ವೆಸ್‌ಗೆ ಚಿಕಿತ್ಸೆ ಕೊಡುವಾಗ ಒಂದು ವಿಷಯ ಗಮನಿಸಿದರು. ಬಿಗಿದ ಕೈಕಾಲನ್ನ ಸರಿಯಾಗಿ ಹಿಡಿದು ಆಡಿಸಿದ್ರೆ ಬಿಗಿತ ಸಡಿಲಾಗ್ತಿತ್ತು! ಅದುವರೆಗೆ ಹೆಚ್ಚಾಗಿ ಚೆನ್ನಾಗಿರೋ ಕೈಕಾಲಿನಲ್ಲೇ ಬದುಕೋದನ್ನ ಕಲಿಸ್ತಿದ್ರು. ಬರ್ಟಾ ಸೋತ ಭಾಗವನ್ನೇ ಎಬ್ಬಿಸಲು ಹೊರಟರು. ವೈದ್ಯರಾಗಿದ್ದ ಗಂಡ ಕಾರೆಲ್ ಜೊತೆ ಅವರು ಕಟ್ಟಿದ ಪದ್ಧತಿ ಜಗತ್ತೆಲ್ಲ ಹರಡಿತು, ತವರಾದ ಜರ್ಮನಿಗೂ ಬಂತು. ಇಲ್ಲಿನ ಡಾಕ್ಟರ ಚೀಟಿಯಲ್ಲಿ ಇವತ್ತಿಗೂ ಬೋಬಾತ್ ಹೆಸರಿರುತ್ತೆ.

ಆದ್ರೆ ಆ ಪದ್ಧತಿಯ ಜೊತೆಗೇ ಒಂದು ನಂಬಿಕೆಯೂ ಬಂತು: ಜೋರಾಗಿ ಬಲ ಹಾಕಿಸಿದ್ರೆ ಬಿಗಿತ ಹೆಚ್ಚುತ್ತೆ. ಹಾಗಾಗಿ ದಶಕಗಳ ಕಾಲ ಸೋತ ಕಾಲಿಗೆ ಭಾರದ ವ್ಯಾಯಾಮ ಕೊಡಲು ಹಿಂಜರಿದರು.

1999ರಲ್ಲಿ ಕೆನಡಾದಿಂದ ಒಂದು ಸಣ್ಣ ಅಧ್ಯಯನ ಬಂತು. ಲಕ್ವ ಹೊಡೆದು ತಿಂಗಳುಗಳೇ ಕಳೆದಿದ್ದ 13 ಜನರಿಗೆ ವಾರಕ್ಕೆ 3 ದಿನದಂತೆ 10 ವಾರ ಕಾಲಿನ ಬಲದ ವ್ಯಾಯಾಮ, ಜೊತೆಗೆ ದಮ್ಮಿನ ವ್ಯಾಯಾಮ ಮಾಡಿಸಿದರು. ಬಲ ಹೆಚ್ಚಿತು, ನಡಿಗೆಯ ವೇಗ ಹೆಚ್ಚಿತು, ಬಿಗಿತ ಹೆಚ್ಚಲಿಲ್ಲ! ಆಮೇಲಿನ ಅಧ್ಯಯನಗಳಲ್ಲೂ ಆ ಹಳೇ ಭಯಕ್ಕೆ ಆಧಾರ ಸಿಗಲಿಲ್ಲ.

ಹಾಗಂತ ಬಲವೊಂದೇ ಸಾಲದು. ಬರ್ಲಿನ್ನಿನ ವೈದ್ಯ ಸ್ಟೆಫಾನ್ ಹೆಸ್ಸೆ 1990ರ ದಶಕದಲ್ಲಿ, ನಡೆಯಲಾಗದ ರೋಗಿಗಳ ಮೈಭಾರವನ್ನ ಪಟ್ಟಿ ಕಟ್ಟಿ ಮೇಲಿಂದ ಸ್ವಲ್ಪ ಹಗುರ ಮಾಡಿ ಟ್ರೆಡ್‌ಮಿಲ್ ಮೇಲೆ ನಡೆಸಿದರು. ನಡಿಗೆ ಕಲಿಯಬೇಕಾದ್ರೆ ನಡೀಲೇಬೇಕಲ್ವಾ?

ನಾವು ಅಜ್ಜನನ್ನ ಕೂರಿಸಿದ್ದು ಪ್ರೀತಿಯಿಂದಲೇ. ಆದ್ರೂ ಆ ಹತ್ತು ಹೆಜ್ಜೆ ಈಗಲೂ ಚುಚ್ಚುತ್ತೆ. ನಿಮ್ಮ ಮನೇಲಿ ಯಾರಿಗಾದ್ರೂ ಹೀಗಾಗಿದ್ರೆ, "ಸುಮ್ನೆ ಕೂತಿರಿ" ಅನ್ನೋ ಮುಂಚೆ ಫಿಸಿಯೋಥೆರಪಿಸ್ಟನ್ನ ಕೇಳಿ, ಕುರ್ಚಿಯಿಂದ ಎದ್ದು ಕೂರೋದನ್ನ ದಿನಕ್ಕೆಷ್ಟು ಸಲ ಮಾಡಿಸಬಹುದು ಅಂತ. ಅದೂ ಭಾರ ಎತ್ತೋದೇ. ಎತ್ತೋದು ಅವರವರ ಮೈಭಾರ, ಅಷ್ಟೇ.