ಫಿಸಿಯೊಥೆರಪಿಸ್ಟರ ನೋಂದಣಿ ಮತ್ತು ನಿರಂತರ ಶಿಕ್ಷಣ (ಕರ್ನಾಟಕ)

ವ್ಯಾಯಾಮ, ಕೈಯಿಂದ ಮಾಡುವ ಕೀಲುಚಾಲನೆ, ಶಾಖ, ವಿದ್ಯುತ್ ಮೊದಲಾದ ಭೌತಿಕ ಸಾಧನಗಳಿಂದ ನೋವು, ಪಾರ್ಶ್ವವಾಯು, ಕೀಲುಬಿಗಿತ ಮುಂತಾದವನ್ನು ಉಪಚರಿಸುವ ಫಿಸಿಯೊಥೆರಪಿಸ್ಟರಿಗೆ, ಅಂದರೆ ಭೌತಚಿಕಿತ್ಸಕರಿಗೆ, ಯಾವ ಓದು ಬೇಕು, ಅವರ ಹೆಸರು ಯಾವ ಪಟ್ಟಿಯಲ್ಲಿರಬೇಕು, ವೃತ್ತಿಗೆ ಇಳಿದ ಮೇಲೆ ಅವರು ಎಷ್ಟು ಕಲಿಯುತ್ತಿರಬೇಕು ಎಂಬುದನ್ನು ಗೊತ್ತುಪಡಿಸುವ ನಿಯಮಗಳು ಈ ಲೇಖನದ ವಿಷಯ. ಕರ್ನಾಟಕದಲ್ಲಿ ಇವು ಬಹುಕಾಲ ಅರೆಬರೆಯಾಗಿಯೇ ಇದ್ದವು.

ದೆಹಲಿ 1997ರಲ್ಲಿ ಮತ್ತು ನೆರೆಯ ಮಹಾರಾಷ್ಟ್ರ 2002ರಲ್ಲಿ ಈ ವೃತ್ತಿಗೆ ಪರಿಷತ್ತು ಸ್ಥಾಪಿಸುವ ಕಾಯ್ದೆಗಳನ್ನು ಮಾಡಿಕೊಂಡವು. ಕರ್ನಾಟಕದಲ್ಲಿ ಮಾತ್ರ ಪದವಿಯೇ ಪರವಾನಗಿಯ ಸ್ಥಾನದಲ್ಲಿತ್ತು. 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಪಿ.ಟಿ. ಪದವಿಗೆ ನಾಲ್ಕು ವರ್ಷದ ಓದು ಮತ್ತು ಆರು ತಿಂಗಳ ಇಂಟರ್ನ್‌ಶಿಪ್ ಇತ್ತು. 1955ರಲ್ಲಿ ಹುಟ್ಟಿದ ಭಾರತೀಯ ಫಿಸಿಯೊಥೆರಪಿಸ್ಟರ ಸಂಘದ ಸದಸ್ಯತ್ವ ಐಚ್ಛಿಕವಾದುದು, ಅದಕ್ಕೆ ಕಾನೂನಿನ ಬಲವಿಲ್ಲ. ಪುನರ್ವಸತಿ ವೃತ್ತಿಗಳನ್ನು ನಿಯಂತ್ರಿಸುವ 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯೂ ಈ ವೃತ್ತಿಯನ್ನು ಒಳಗೊಳ್ಳಲಿಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯು ಫಿಸಿಯೊಥೆರಪಿ ಕೇಂದ್ರಗಳನ್ನು ನೋಂದಣಿಗೆ ಒಳಪಡಿಸಿತಾದರೂ ಅದು ನೋಂದಾಯಿಸುವುದು ಕೇಂದ್ರವನ್ನು, ಚಿಕಿತ್ಸಕನನ್ನಲ್ಲ. ಹೀಗಾಗಿ ರಾಯಚೂರು ಜಿಲ್ಲೆಯ ಸಂತೆಕಲ್ಲೂರಿನವರು ಮಸ್ಕಿ, ಲಿಂಗಸುಗೂರು ಅಥವಾ ಸಿಂಧನೂರಿನ ಒಂದು ಕೇಂದ್ರಕ್ಕೆ ಹೋದರೆ ಗೋಡೆಯ ಮೇಲೆ ಜಿಲ್ಲಾ ಪ್ರಾಧಿಕಾರದ ಪ್ರಮಾಣಪತ್ರ ಕಾಣಬಹುದಾಗಿತ್ತು. ಮೊಣಕಾಲು ಹಿಡಿದು ಮಡಿಸುತ್ತಿರುವವರ ಓದನ್ನು ಹೆಸರು ಹುಡುಕಿ ತಾಳೆ ನೋಡಲು ಸರ್ಕಾರಿ ಪಟ್ಟಿಯೊಂದು ಇರಲಿಲ್ಲ.

ಈ ಕೊರತೆಯನ್ನು ತುಂಬಲು ಬಂದದ್ದು 2021ರ ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆ. ಅದೇ ವರ್ಷದ ಮಾರ್ಚ್‌ನಲ್ಲಿ ಸಂಸತ್ತಿನ ಒಪ್ಪಿಗೆ ಪಡೆದ ಈ ಕಾಯ್ದೆ 56 ವೃತ್ತಿಗಳನ್ನು ಹತ್ತು ವರ್ಗಗಳಲ್ಲಿ ಇರಿಸಿ, ಫಿಸಿಯೊಥೆರಪಿಗೆ ಪ್ರತ್ಯೇಕ ವರ್ಗವನ್ನೇ ಕೊಟ್ಟಿತು. ಅದರ ವ್ಯಾಖ್ಯೆಯಲ್ಲಿ ತೂಕವಿರುವುದು ಎರಡು ಮಾತುಗಳಿಗೆ: ಕನಿಷ್ಠ ಅರ್ಹತೆ ಪದವಿಯೇ ಆಗಿರಬೇಕು, ಮತ್ತು ಫಿಸಿಯೊಥೆರಪಿಸ್ಟ್ ತಂಡದಲ್ಲಿ ಮಾತ್ರವಲ್ಲದೆ ಸ್ವತಂತ್ರವಾಗಿಯೂ ವೃತ್ತಿ ನಡೆಸಬಹುದು. ವೈದ್ಯರ ಚೀಟಿಯಿಲ್ಲದೆ ರೋಗಿಯನ್ನು ನೋಡಬಹುದೇ ಎಂಬ ಹಳೆಯ ಜಗಳಕ್ಕೆ ಎರಡನೆಯ ಮಾತು ಬಹುಮಟ್ಟಿಗೆ ಉತ್ತರ ಕೊಡುತ್ತದೆ. ರಾಜ್ಯ ಅಥವಾ ರಾಷ್ಟ್ರೀಯ ನೋಂದಣಿ ಪುಸ್ತಕದಲ್ಲಿ ಹೆಸರಿಲ್ಲದವರು ವೃತ್ತಿ ನಡೆಸುವಂತಿಲ್ಲ. ನಡೆಸಿದರೆ 50,000 ರೂಪಾಯಿಯ ದಂಡವುಂಟು. ಆದರೆ ನೋಂದಣಿ ಮಾಡಬೇಕಾದ ರಾಜ್ಯ ಪರಿಷತ್ತುಗಳು ಹಲವೆಡೆ ಹುಟ್ಟಲೇ ಇಲ್ಲವಾದ್ದರಿಂದ, 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎರಡು ತಿಂಗಳೊಳಗೆ ಜಾರಿಗೆ ತರುವಂತೆ ಕೇಂದ್ರಕ್ಕೂ ರಾಜ್ಯಗಳಿಗೂ ಆದೇಶಿಸಬೇಕಾಯಿತು. ಕರ್ನಾಟಕದಲ್ಲಿ ಈ ಹೊಣೆ ರಾಜ್ಯ ಅಲೈಡ್ ಮತ್ತು ಆರೋಗ್ಯ ಪರಿಷತ್ತಿನದು.

ನಿರಂತರ ಶಿಕ್ಷಣವೆಂದರೆ ಪದವಿ ಪಡೆದ ಬಳಿಕವೂ ಕಾರ್ಯಾಗಾರ, ಸಮ್ಮೇಳನ, ಕಿರು ಕೋರ್ಸುಗಳ ಮೂಲಕ ಜ್ಞಾನವನ್ನು ಹೊಸದಾಗಿಟ್ಟುಕೊಳ್ಳುವುದು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡತೆ ನಿಯಮಗಳು ವೈದ್ಯರಿಗೆ ಐದು ವರ್ಷಕ್ಕೆ 30 ಗಂಟೆಯ ಕಲಿಕೆಯನ್ನು ಹೇಳಿದ್ದವು. 2021ರ ಕಾಯ್ದೆ ಫಿಸಿಯೊಥೆರಪಿಸ್ಟರಿಗೆ ಇಂತಹ ಗಂಟೆಗಳ ಲೆಕ್ಕವನ್ನು ತಾನಾಗಿ ಹಾಕಿಲ್ಲ, ಮತ್ತು ಕಾಯ್ದೆಯ ದುರ್ಬಲ ಭಾಗವೆಂದರೆ ಇದೇ. ಹೊರದೇಶಗಳಿಗೆ ಹೋದ ಕನ್ನಡಿಗ ಪದವೀಧರರು ಬೇರೆಯೇ ಕಟ್ಟುಪಾಡುಗಳಿಗೆ ಒಳಗಾಗುತ್ತಾರೆ. ಅಮೆರಿಕದಲ್ಲಿ ಅವರ ಪದವಿಯನ್ನು ಅಲ್ಲಿನ ಮಟ್ಟಕ್ಕೆ ಹೋಲಿಸಿ ನೋಡಿದ ಮೇಲೆ ರಾಷ್ಟ್ರೀಯ ಪರೀಕ್ಷೆ ಬರೆಯಬೇಕು, ಪರವಾನಗಿ ಕೊಡುವುದು ಆಯಾ ರಾಜ್ಯ. ಕ್ಯಾಲಿಫೋರ್ನಿಯ ಎರಡು ವರ್ಷಕ್ಕೊಮ್ಮೆ ನಡೆಯುವ ನವೀಕರಣಕ್ಕೆ 30 ಗಂಟೆ ಕೇಳುತ್ತದೆ, ಅದರಲ್ಲಿ ನಾಲ್ಕು ಗಂಟೆ ಜೀವರಕ್ಷಕ ಪ್ರಥಮೋಪಚಾರಕ್ಕೆ ಮೀಸಲು. ಬ್ರಿಟನ್ನಿನಲ್ಲೂ ನವೀಕರಣ ಎರಡು ವರ್ಷಕ್ಕೊಮ್ಮೆಯೇ, ಆದರೆ ಅಲ್ಲಿ ಗಂಟೆ ಎಣಿಸದೆ, ಕಲಿತದ್ದರಿಂದ ರೋಗಿಗೆ ಏನು ಒಳಿತಾಯಿತೆಂದು ಕೆಲವರನ್ನು ಆರಿಸಿ ಬರೆಸಿಕೊಂಡು ಪರಿಶೀಲಿಸುತ್ತಾರೆ. ಗಂಟೆಯ ಲೆಕ್ಕ ಹಾಜರಿ ಪತ್ರಗಳ ಸಂಗ್ರಹವಾಗಿಬಿಡುವ ಅಪಾಯವಿರುವುದರಿಂದ ಬ್ರಿಟನ್ನಿನ ಕ್ರಮ ಹೆಚ್ಚು ವಿವೇಕದ್ದು; ಅದನ್ನು ನಡೆಸಲು ಓದಿ ತೂಗಬಲ್ಲ ಸಿಬ್ಬಂದಿ ಬೇಕು.

ಸಂತೆಕಲ್ಲೂರಿನಂತಹ ಊರಿನಿಂದ ಈ ವೃತ್ತಿಗೆ ಬರುವ ದಾರಿಯಲ್ಲಿ ಸಂವಿಧಾನದ 371(ಜೆ) ವಿಧಿಯೂ ಇದೆ. 2012ರ ತಿದ್ದುಪಡಿಯಿಂದ ಸೇರಿದ ಈ ವಿಧಿಯಂತೆ, ಲಿಂಗಸುಗೂರಿನ ಉಪವಿಭಾಗಾಧಿಕಾರಿಗಳಿಂದ ಸ್ಥಳೀಯತೆಯ ಪ್ರಮಾಣಪತ್ರ ಪಡೆದ ವಿದ್ಯಾರ್ಥಿಗೆ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70ರ, ಹೊರಗಿನವುಗಳಲ್ಲಿ ಶೇ. 8ರ ಮೀಸಲು ಸೀಟುಗಳಿಗೆ ಸ್ಪರ್ಧಿಸುವ ಅರ್ಹತೆ ದೊರೆಯುತ್ತದೆ. 2025ರಲ್ಲಿ ಪ್ರಕಟವಾದ ರಾಷ್ಟ್ರೀಯ ಪಠ್ಯಕ್ರಮ ಇಂಟರ್ನ್‌ಶಿಪ್ಪನ್ನು ಒಂದು ವರ್ಷಕ್ಕೆ ಏರಿಸಿ ಒಟ್ಟು ಅವಧಿಯನ್ನು ಐದು ವರ್ಷ ಮಾಡಿರುವುದರಿಂದ, ಹಳ್ಳಿಯ ಮನೆತನಕ್ಕೆ ಆರು ತಿಂಗಳ ಖರ್ಚು ಹೆಚ್ಚುತ್ತದೆ.