ರಣಘಟ್ಟದ ಕಾಲುವೆ, ನಮ್ಮೂರ ಕೆರೆ

ಮೊನ್ನೆ ಅರಸೀಕೆರೆಗೆ ಕೊಬ್ಬರಿ ಹಾಕೋಕೆ ಹೋದವನು, ಕೆಲಸ ಇತ್ತು ಅಂತ ಜಾವಗಲ್ ಮೇಲೆ ಹಳೇಬೀಡಿಗೂ ಹೋಗಿ ದೋರಸಮುದ್ರದ ಏರಿ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಬಂದವರೆಲ್ಲ ಗುಡಿ ಕಡೆ. ಕೆರೆ ನೋಡೋರು ಕಮ್ಮಿ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದೂ ಗುಡಿಗಳೇ. ಆದರೆ ಹೊಯ್ಸಳರ ರಾಜಧಾನಿಗೆ ಹೆಸರು ಬಂದಿದ್ದು ಕೆರೆಯಿಂದ ಕಣ್ರೀ.

ಬೇಲೂರು ಮಲೆನಾಡಿನ ಸೆರಗು. ಅಲ್ಲಿಂದ ಮೂಡಲಕ್ಕೆ ಬಂದಷ್ಟೂ ಮಳೆ ಕಮ್ಮಿ, ಅರಸೀಕೆರೆ ಹೊತ್ತಿಗೆ ಪೂರಾ ಬಯಲುಸೀಮೆ. ಈ ಲೆಕ್ಕ ಹಳಬರಿಗೆ ಗೊತ್ತಿತ್ತು. ಯಗಚಿ ಹೊಳೆಗೆ ರಣಘಟ್ಟದಲ್ಲಿ ಒಡ್ಡು ಹಾಕಿ, ಕಾಲುವೆ ತೋಡಿ ದೋರಸಮುದ್ರಕ್ಕೆ ನೀರು ತಂದರು. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರು ಅಷ್ಟೇ. ರಾಜ ತನ್ನ ಪಟ್ಟಣಕ್ಕೆ ನೀರು ತಂದ, ಅದರಲ್ಲೇನು ದೊಡ್ಡದು ಅನ್ನಬಹುದು. ನನಗೆ ದೊಡ್ಡದು ಅನ್ಸೋದು ಹಳ್ಳಿ ಕೆರೆಗಳ ವ್ಯವಸ್ಥೆ. ಶಾಸನಗಳಲ್ಲಿ ಕಟ್ಟುಗೊಡಗೆ, ಬಿತ್ತುವಟ್ಟ ಅನ್ನೋ ಮಾತು ಬರ್ತವೆ. ಕೆರೆ ಕಟ್ಟಿದವನಿಗೆ, ದುರಸ್ತಿ ಮಾಡಿದವನಿಗೆ ಜಮೀನು. ಕೆರೆಯ ಮುಂದಿನ ಖರ್ಚಿಗೆ ಅದರ ಅಚ್ಚುಕಟ್ಟಿನಿಂದಲೇ ಪಾಲು. ಕೆರೆ ಕಟ್ಟುವಾಗಲೇ ಹೂಳೆತ್ತೋಕೆ ದುಡ್ಡು ಎಲ್ಲಿಂದ ಅಂತ ಯೋಚನೆ ಮಾಡಿರ್ತಿದ್ರು. ಈಗ ನಮ್ಮೂರ ಕೆರೆ ಹೂಳಿಗೆ ಅರ್ಜಿ ಹಾಕಿ ಹಾಕಿ ನನ್ನ ಚಪ್ಪಲಿ ಸವೆದಿದೆ, ಆ ಮಾತು ಬಿಡಿ.

ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಚಾಲನೆ ಸಿಕ್ತು. ವೆಚ್ಚ 23,000 ಕೋಟಿ ದಾಟಿದೆ. ನಾಲೆ ಬೇಲೂರು, ಅರಸೀಕೆರೆ ತಾಲ್ಲೂಕು ಹಾದು ತುಮಕೂರಿನ ಕಡೆ ಹೋಗುತ್ತೆ. ಅದು ಮುಗಿದಿಲ್ಲ ಅಂತ ಸದ್ಯಕ್ಕೆ ನೀರನ್ನ ವೇದಾವತಿ ಮೂಲಕ ವಾಣಿವಿಲಾಸ ಸಾಗರಕ್ಕೆ ಬಿಟ್ಟರು. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಕುಡಿಯೋ ನೀರು ಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಜಮೀನು ಬಿಟ್ಟುಕೊಟ್ಟ ದಾರಿಯ ಊರಿಗೂ ಒಂದು ತೂಬು ಇರಲಿ ಅನ್ನೋದಷ್ಟೇ. ಹಳೇಬೀಡು ಭಾಗದ ಕೆರೆ ತುಂಬಿಸೋ ರಣಘಟ್ಟ ಯೋಜನೆಗಾಗಿ ರೈತರು ವರ್ಷಗಟ್ಟಲೆ ಬೀದಿಗಿಳಿಯಬೇಕಾಯ್ತು, ಅದೂ ಪೂರ್ವಿಕರು ತೋರಿಸಿಕೊಟ್ಟ ದಾರಿಗೆ!

ಬರ ಎಲ್ಲರಿಗೂ ಒಂದೇ ಅಂತಾರೆ. ಹಾಗಿಲ್ಲ. 2016ರ ಬರದಲ್ಲಿ ನಮ್ಮೂರಲ್ಲಿ ದುಡ್ಡಿದ್ದವರು ಮೂರು ಮೂರು ಬೋರು ಕೊರೆಸಿ ತೋಟ ಉಳಿಸಿಕೊಂಡ್ರು. ನಾನು ಟ್ಯಾಂಕರ್ ಹೊಡೆಸಿ ಅರ್ಧ ಉಳಿಸಿದೆ. ಕೆಳಗಿನ ಕೇರಿಯ ಎರಡೆಕರೆ ಹುಡುಗನ ತೆಂಗೆಲ್ಲ ಸುಳಿ ಒಣಗಿ ಹೋಯ್ತು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ. ಈಗಲೂ ಮಳೆಗಾಲದಲ್ಲಿ ಫೋನ್ ಮಾಡ್ತಾನೆ.

"ಅಣ್ಣಾ, ಕೆರೆಗೆ ನೀರು ಬಂತಾ?"

"ಇನ್ನೂ ಇಲ್ಲ ಕಣೋ" ಅಂದೆ.